ಬ್ಲಡ್ ಬೌಲ್: ನಿಮ್ಮ ಆಟಕ್ಕೆ ಒಪ್ಪುವ ತಂಡ

ತುಮಕೂರಿನಲ್ಲಿ ಗೆಳೆಯರು ಸೇರಿ ಬ್ಲಡ್ ಬೌಲ್ (ಬೊಂಬೆ, ದಾಳಗಳಿಂದ ಮೇಜಿನ ಮೇಲೆ ಆಡುವ, ಅಮೆರಿಕನ್ ಫುಟ್‌ಬಾಲ್ ಬಗೆಯ ಹೊಡೆದಾಟದ ಆಟ) ಲೀಗ್ ಶುರು ಮಾಡುವುದಾದರೆ, ಬೊಂಬೆಯ ಅಂದಕ್ಕೆ ಮರುಳಾಗಿ ತಂಡ ಕೊಳ್ಳಬೇಡಿ.

ಕಬಡ್ಡಿಯಲ್ಲಿ ರೈಡರನ್ನು ಹಿಡಿದು ಕೆಡಹುವುದೇ ಇಷ್ಟ ಎನ್ನುವವರಿಗೆ ಡ್ವಾರ್ಫ್ ಎಂಬ ಗಟ್ಟಿಮುಟ್ಟಾದ ಕುಳ್ಳರ ತಂಡ. ಅವರ ಸಾಮಾನ್ಯ ಆಟಗಾರರಿಗೂ ಬ್ಲಾಕ್ ಕೌಶಲವಿದೆ. ಅದಿಲ್ಲದವನು ಒಂದೇ ದಾಳದಲ್ಲಿ ಹೊಡೆದರೆ ತಾನೇ ಬೀಳುವ ಸಾಧ್ಯತೆ 6ರಲ್ಲಿ 2, ಇದ್ದವನಿಗೆ 1. ಆದರೆ ನಡಿಗೆ ತೀರಾ ನಿಧಾನ: ಪಂದ್ಯದ ಅರ್ಧಕ್ಕೆ 8 ಸರದಿ ಮಾತ್ರ, ಚೆಂಡು ಹಿಂದೆ ಉಳಿದರೆ ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆಯವರೆಗೆ ಚೆಂಡು ಒಯ್ದು ಗಳಿಸುವ ಅಂಕ) ಕೈತಪ್ಪುತ್ತದೆ.

ಓಟವೇ ಬೇಕೆಂದರೆ ಸ್ಕೇವನ್ ಎಂಬ ಇಲಿಮನುಷ್ಯರ ತಂಡ. ಅದರ ಓಟಗಾರ ಗಟರ್ ರನ್ನರ್ ಸರದಿಗೆ 9 ಚೌಕ ಓಡುತ್ತಾನೆ. ಕವಚ ತೆಳು, ಹಾಗಾಗಿ ಸರದಿ ಮುಗಿದಾಗ ಎದುರಾಳಿಯ ಪಕ್ಕದಲ್ಲಿ ನಿಲ್ಲಿಸಬೇಡಿ.

ಹೊಸಬರಿಗೆ ಹ್ಯೂಮನ್ ತಂಡವೇ ಸಾಕು.

ತಂಡ ಕಟ್ಟಲು ಆಟದೊಳಗೆ ಸಿಗುವ 10 ಲಕ್ಷ ಚಿನ್ನದ ನಾಣ್ಯಗಳಲ್ಲಿ 11 ಆಟಗಾರರ ಜೊತೆ ರೀರೋಲ್‌ಗಳನ್ನೂ (ದಾಳ ಮತ್ತೆ ಉರುಳಿಸುವ ಅವಕಾಶ) ಮೊದಲೇ ಕೊಳ್ಳಿ. ಲೀಗ್ ಶುರುವಾದ ಮೇಲೆ ರೀರೋಲ್ ಬೆಲೆ ದುಪ್ಪಟ್ಟು.