ಬಾವಿಯ ನೀರು ಹಸಿರಾದ ಮೇಲೆ ಉಳಿದ ಗುಹೆ

ಖಾಸಗಿ ಜಮೀನಿನ ಗುಹೆಗೆ ತಲೆ ಕೆಡಿಸಿಕೊಳ್ಳಬೇಡ, ಮಾಲೀಕರು ಮುಚ್ಚಬೇಕೆಂದರೆ ಮುಚ್ಚಿಯೇ ಮುಚ್ಚುತ್ತಾರೆ ಎಂದು ನಮ್ಮ ತಂಡದ ಹಿರಿಯರೇ ಹೇಳಿದ್ದರು. ಆರು ವರ್ಷವಾಯಿತು. ಗುಹೆ ಇದೆ, ಬಾವಲಿಗಳಿವೆ, ಬೀಗದ ಕೈ ಆ ಮಾಲೀಕರ ಬಳಿಯೇ ಇದೆ. ಗುಹೆ ಎಲ್ಲಿದೆ ಎಂದು ಮಾತ್ರ ಕೇಳಬೇಡಿ.

ಮೊದಲ ತಪ್ಪು ನನ್ನದು. ‘ಅಪರೂಪದ ಗುಹೆ, ಪ್ರವೇಶ ನಿಷಿದ್ಧ’ ಎಂದು ಫಲಕ ನೆಟ್ಟೆ. ಅದುವರೆಗೆ ಪೊದೆಯ ಮರೆಯಲ್ಲಿ ಯಾರ ಕಣ್ಣಿಗೂ ಬೀಳದಿದ್ದ ಜಾಗಕ್ಕೆ ನಾನೇ ದಾರಿ ತೋರಿಸಿದಂತಾಯಿತು. ಎರಡೇ ತಿಂಗಳಲ್ಲಿ ಚಾವಣಿಯಿಂದ ಇಳಿಬಿದ್ದಿದ್ದ ಸುಣ್ಣದ ತೊಂಗಲುಗಳಲ್ಲಿ ಹತ್ತು ಹನ್ನೆರಡು ಮುರಿದುಹೋದವು. ವರ್ಷಕ್ಕೆ ಮಿಲಿಮೀಟರಿನ ಹತ್ತನೇ ಒಂದು ಭಾಗ ಬೆಳೆದರೆ ಹೆಚ್ಚು ಎನ್ನುವಂಥವು ಅವು. ಒಂದು ಮೋಟಿನಿಂದ ಹನಿ ಇನ್ನೂ ಬೀಳುತ್ತಲೇ ಇತ್ತು, ಕೆಳಗೆ ಸಿಗರೇಟಿನ ಖಾಲಿ ಪೊಟ್ಟಣದ ಮೇಲೆ. ಅಂದೇ ಫಲಕ ಕಿತ್ತೆ.

ಅಷ್ಟರಲ್ಲಿ ಮಾಲೀಕರು ಗುಹೆಯ ಮೇಲೆ ನೆಲ ಕುಸಿದು ಆದ ಗುಂಡಿಗೆ ಕಟ್ಟಡದ ಅವಶೇಷ ಸುರಿದು ನೆಲ ಸಮ ಮಾಡಲು ಹೊರಟಿದ್ದರು. ಅರ್ಧ ಗುಂಡಿಯನ್ನು ಹಳೆಯ ಕಸವೇ ತುಂಬಿತ್ತು. ನಾನು ಬಾವಲಿಗಳ ಬಗ್ಗೆ ಒಂದು ಗಂಟೆ ಮಾತನಾಡಿದೆ. “ನಿಮ್ಮ ಬಾವಲಿ ನನಗೇನು ಕೊಡುತ್ತದೆ?” ಎಂದರು. ಉತ್ತರವಿರಲಿಲ್ಲ.

ಗುಂಡಿಗಿಳಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ತೋರಿಸಲು, ಅವರದೇ ಒಪ್ಪಿಗೆ ಪಡೆದು ಅದಕ್ಕೆ ಫ್ಲೋರೆಸೀನ್ ಹಾಕಿದೆ, ನೀರಿನ ಜಾಡು ಹಿಡಿಯಲು ಬಳಸುವ ಹಸಿರಾಗಿ ಹೊಳೆಯುವ ಬಣ್ಣ. ಎಷ್ಟು ಎಂದು ನಿಖರವಾಗಿ ನೆನಪಿಲ್ಲ, ಒಂದು ಹಿಡಿಗಿಂತ ಕಡಿಮೆ. ಬಿಸಿಲಿಗೆ ಆ ಬಣ್ಣ ಕೆಡುತ್ತದೆ, ಆದ್ದರಿಂದ ಕತ್ತಲಾದ ಮೇಲೆ ಹಾಕಬೇಕು. ಮೊದಲ ಸಲ ಮಧ್ಯಾಹ್ನ ಹಾಕಿ ಬಣ್ಣ ದಂಡವಾಗಿತ್ತು. ಎರಡನೆಯ ಸಲ ಸುಮಾರು ಮೂವತ್ತು ಗಂಟೆಗೆ ಅವರ ಬಾವಿಯಿಂದ ಸೇದಿದ ಬಿಳಿ ಬಕೆಟ್‌ನ ನೀರು ತಿಳಿ ಹಸಿರಾಗಿ ಹೊಳೆಯಿತು. ಅವರು ಬಕೆಟ್ ನೋಡಿದರು, ಗುಂಡಿಯ ಕಡೆ ನೋಡಿದರು. ಮರುವಾರ ಕಸ ಎತ್ತಲು ಆಳುಗಳನ್ನು ಅವರೇ ಕರೆಸಿದರು.

ಬಾಗಿಲಿನ ಕಥೆ ಬೇರೆ. ಮೊದಲು ಉಕ್ಕಿನ ತಗಡಿನ ಬಾಗಿಲು ಹಾಕಿಸಿದೆ. ಗಾಳಿ ನಿಂತು ಒಳಗಿನ ಉಷ್ಣತೆ ಎರಡು ಡಿಗ್ರಿಯಷ್ಟು ಬದಲಾಯಿತು. ಕಿತ್ತೆಸೆದು ನೆಟ್ಟನೆ ಕಂಬಿಗಳ ಬಾಗಿಲು ಮಾಡಿಸಿದರೆ ಬಾವಲಿಗಳು ಎದುರಿಗೆ ಬಂದು ಸುತ್ತು ಹೊಡೆದು ಹಿಂದಿರುಗುತ್ತಿದ್ದವು. ಮೂರನೆಯ ಸಂಜೆ ಹೊರಗಿನ ಕಲ್ಲಿನ ಮೇಲೆ ಗೂಬೆಯೊಂದು ಕಾಯುತ್ತಾ ಕುಳಿತಿತ್ತು. ಈಗಿರುವುದು ಅಡ್ಡ ಕಂಬಿಗಳದ್ದು: ನಡುವೆ ಹದಿನೈದು ಸೆಂಟಿಮೀಟರಿಗೆ ಕೊಂಚ ಕಡಿಮೆ ಸಂದು, ನಿಲುವು ಕಂಬಗಳು ಒಂದೂಕಾಲು ಮೀಟರ್ ಅಂತರದಲ್ಲಿ. ಬಾವಲಿಗಳು ಇಲ್ಲದ ಕಾಲದಲ್ಲೇ ವೆಲ್ಡಿಂಗ್ ಮಾಡಿಸಿ.

ಟೊಳ್ಳು ಕಂಬಿಯ ಒಳಗೆ ಸಡಿಲವಾದ ಸರಳು ಹಾಕಿದರೆ ಕೈಗರಗಸದ ಕೆಳಗೆ ಅದು ಉರುಳುತ್ತದೆ, ಸುಲಭವಾಗಿ ಕತ್ತರಿಸಲಾಗುವುದಿಲ್ಲ. ನಂಬಿಕೆಯಿಲ್ಲದೆ ಮನೆಯ ಹಿಂದೆ ಅರ್ಧ ಗಂಟೆ ಕುಯ್ದು ನೋಡಿದೆ, ಮೂರು ಅಲಗು ಹೋದವು. ಬೀಗವನ್ನು ಎಲ್ಲಿ ಅಡಗಿಸಿದ್ದೇನೆ ಎಂಬುದನ್ನು ಬರೆಯುವುದಿಲ್ಲ.

ಖರ್ಚು ಅಂದಾಜಿನ ಎರಡೂವರೆ ಪಟ್ಟಾಯಿತು, ನನ್ನ ನಾಲ್ಕು ತಿಂಗಳ ಸಂಬಳದಷ್ಟು. ಕಬ್ಬಿಣಕ್ಕಿಂತ ಅದನ್ನು ಹೊತ್ತು ತರಿಸುವ ಕೂಲಿಯೇ ಹೆಚ್ಚು. ಅದಕ್ಕಿಂತ ಉರಿದದ್ದು ವಕೀಲರ ಶುಲ್ಕ. ಮಾತಿನ ಒಪ್ಪಂದ ಸಾಕೆಂದುಕೊಂಡಿದ್ದೆ. ಮಾಲೀಕರ ತಮ್ಮ ಪಾಲು ಕೇಳಿದ ದಿನ ಅದರ ಬೆಲೆ ತಿಳಿಯಿತು. ಜಮೀನು ಕೈ ಬದಲಾದರೂ ನಿಲ್ಲುವ ನೋಂದಾಯಿತ ಪತ್ರ ಮಾಡಿಸಿದ ಮೇಲೆಯೇ ನಿದ್ದೆ ಬಂದದ್ದು.

ಹೊಸ ಬಾಗಿಲು ಬಂದ ಮೊದಲ ಋತುವಿನಲ್ಲಿ ಹೊರಬಂದ ಬಾವಲಿಗಳನ್ನು ಇನ್ಫ್ರಾರೆಡ್ ಕ್ಯಾಮೆರಾ ಇಟ್ಟು ಎಣಿಸಿದೆ. ಸುಮಾರು ನೂರೆಂಬತ್ತು. ಹೋದ ವರ್ಷ ಮುನ್ನೂರರ ಆಸುಪಾಸು. ಮಾಲೀಕರ ಲೆಕ್ಕ ಐನೂರು. ನಾನು ವರ್ಷಕ್ಕೆ ಎರಡು ಸಲ ಹೋಗುತ್ತೇನೆ, ಅವರು ದಿನಾ ಸಂಜೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ವಾದಿಸಲು ಹೋಗಿಲ್ಲ.