ಫ್ಯಾನಿನ ಗುಂಯ್ ಅಡಗುತ್ತದೆ, ಕುಕ್ಕರ್ ಕೂಗು ಅಡಗದು: ಹೆಡ್‌ಫೋನ್ ಆರಿಸುವ ಬಗೆ

ಎರಡು ವರ್ಷದ ಹಿಂದೆ ದಾವಣಗೆರೆಯ ಅಂಗಡಿಯೊಂದರಲ್ಲಿ 1,800 ರೂಪಾಯಿ ಕೊಟ್ಟು ಇಯರ್‌ಬಡ್ ಕೊಂಡೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ‘ಇಎನ್‌ಸಿ’ ಎಂದಿತ್ತು. ‘ಹೊರಗಿನ ಸದ್ದು ಒಂಚೂರೂ ಕೇಳುವುದಿಲ್ಲ ಸರ್’ ಎಂದ ಅಂಗಡಿಯ ಹುಡುಗ. ಅಂದು ರಾತ್ರಿಯೇ ಬೆಂಗಳೂರಿನ ಬಸ್ ಹತ್ತಿದೆ. ಹಿರಿಯೂರು ದಾಟಿದರೂ ಎಂಜಿನ್ನಿನ ಮೊರೆತ ಕಿವಿಯಲ್ಲಿ ಹಾಗೆಯೇ ಕೂತಿತ್ತು.

ಓದದೆ ಕೊಂಡ ತಪ್ಪು ನನ್ನದೂ ಹೌದು. ಇಎನ್‌ಸಿ ಎಂದರೆ ನಾವು ಫೋನಿನಲ್ಲಿ ಮಾತನಾಡುವಾಗ ನಮ್ಮ ಸುತ್ತಲಿನ ಗದ್ದಲವನ್ನು ಮೈಕಿನಲ್ಲೇ ಸೋಸುವ ವ್ಯವಸ್ಥೆ. ಅದರ ಸುಖ ಆಚೆ ಬದಿಯಲ್ಲಿ ಕೇಳುವವರಿಗೆ, ನಮ್ಮ ಕಿವಿಗಲ್ಲ. ನಮಗೆ ಬೇಕಾದದ್ದು ನಮ್ಮ ಕಿವಿಗೆ ಬೀಳುವ ಹೊರಗಿನ ಸದ್ದನ್ನೇ ಅಡಗಿಸುವ ‘ಎಎನ್‌ಸಿ’. ಆದ್ದರಿಂದ ಕೊಳ್ಳುವವರು ಮಾಡಬೇಕಾದ ಮೊದಲ ಕೆಲಸ ಇಷ್ಟೇ: ಪೆಟ್ಟಿಗೆಯ ಮೇಲಿನ ಆ ಒಂದು ಅಕ್ಷರವನ್ನು ಸರಿಯಾಗಿ ಓದುವುದು.

ನಿಮ್ಮ ಸದ್ದುಗಳನ್ನು ಪಟ್ಟಿ ಮಾಡಿ

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತು ಏನೇನು ಕೇಳಿಸುತ್ತದೆ ಎಂದು ಬರೆದುಕೊಳ್ಳಿ. ನನ್ನ ಪಟ್ಟಿಯಲ್ಲಿ ಇದ್ದವು: ಫ್ಯಾನು, ಪಕ್ಕದ ಮನೆಯ ಬೋರ್‌ವೆಲ್ ಮೋಟಾರು, ಮಿಕ್ಸಿ, ಕುಕ್ಕರ್, ಬೀದಿಯಲ್ಲಿ ತರಕಾರಿಯವನ ಧ್ವನಿವರ್ಧಕ, ಮೇಲಿನ ಮನೆಯ ಮಕ್ಕಳ ಓಡಾಟ. ಇವುಗಳಲ್ಲಿ ಎಎನ್‌ಸಿ ಚೆನ್ನಾಗಿ ಅಡಗಿಸುವುದು ಮೊದಲ ಎರಡನ್ನು ಮಾತ್ರ.

ಕಾರಣ ಅದು ಕೆಲಸ ಮಾಡುವ ರೀತಿಯಲ್ಲಿದೆ. ಹೆಡ್‌ಫೋನಿನ ಬಟ್ಟಲಿನಲ್ಲಿರುವ ಪುಟ್ಟ ಮೈಕ್‌ಗಳು ಹೊರಗಿನ ಸದ್ದನ್ನು ಹಿಡಿಯುತ್ತವೆ. ಚಿಪ್ ಅದೇ ಅಲೆಯನ್ನು ತಲೆಕೆಳಗು ಮಾಡಿ ಸ್ಪೀಕರಿಗೆ ಕೊಡುತ್ತದೆ. ಒಂದರ ಉಬ್ಬಿಗೆ ಇನ್ನೊಂದರ ತಗ್ಗು ಸೇರಿ ಎರಡೂ ಬಹುಮಟ್ಟಿಗೆ ಅಳಿಸಿಹೋಗುತ್ತವೆ. ಒಂದೇ ಸಮ ಗುಂಯ್‌ಗುಡುವ ತಗ್ಗು ಸ್ವರದಲ್ಲಿ ಈ ಹೊಂದಾಣಿಕೆ ಸುಲಭ. ಫಟ್ಟನೆ ಎದ್ದು ಅಡಗುವ ಸದ್ದನ್ನಾಗಲಿ, ಕೀರಲು ಸ್ವರವನ್ನಾಗಲಿ ಹಿಂಬಾಲಿಸಿ ಹಿಡಿಯುವುದು ಕಷ್ಟ. ಕುಕ್ಕರ್ ಕೂಗು, ಬಸ್ಸಿನ ಹಾರ್ನು, ಮಗುವಿನ ಅಳು ಕೇಳಿಸಿಯೇ ತೀರುತ್ತವೆ. ಅವು ಸ್ವಲ್ಪ ಕುಗ್ಗುವುದು ಕಿವಿಯನ್ನು ಮುಚ್ಚಿದ ಮೆತ್ತೆಯಿಂದಲೇ ಹೊರತು ಚಿಪ್ಪಿನಿಂದಲ್ಲ.

ಈ ವಿದ್ಯೆಗೆ ಪಾಲ್ ಲೂಯೆಗ್ ಎಂಬಾತ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1936ರಲ್ಲೇ. ಆದರೆ ಕಿವಿಗೆ ಸಿಕ್ಕಲು ಬಹಳ ಕಾಲ ಹಿಡಿಯಿತು. ಬಂಗಾಳದಿಂದ ಅಮೆರಿಕಕ್ಕೆ ವಲಸೆ ಹೋದ ತಂದೆಯ ಮಗ ಅಮರ್ ಬೋಸ್ 1978ರಲ್ಲಿ ವಿಮಾನದವರು ಕೊಟ್ಟ ಹೆಡ್‌ಫೋನ್ ಹಾಕಿಕೊಂಡರೆ ಎಂಜಿನ್ ಸದ್ದಿನಲ್ಲಿ ಸಂಗೀತವೇ ಕೇಳಿಸಲಿಲ್ಲ. ಅಲ್ಲೇ ಕುಳಿತು ಲೆಕ್ಕ ಹಾಕತೊಡಗಿದರು. ಅವರ ಕಂಪನಿ ಪೈಲಟ್‌ಗಳ ಹೆಡ್‌ಸೆಟ್ಟನ್ನು ಮಾರಾಟಕ್ಕೆ ತಂದದ್ದು 1989ರಲ್ಲಿ. ಹುಟ್ಟಿದ್ದೇ ವಿಮಾನದ ಎಂಜಿನ್ನಿಗಾಗಿ. ಅದರಿಂದ ಅತ್ತೆ ಸೊಸೆಯರ ಮಾತು ನಿಲ್ಲಬೇಕೆಂದು ಬಯಸುವುದು ಸಲ್ಲದು.

ಪ್ರಯಾಣಕ್ಕೋ ಮನೆಗೋ?

ನಿಮ್ಮ ಪಟ್ಟಿಯಲ್ಲಿ ಬಸ್ಸು, ರೈಲು ಇದ್ದರೆ ಹಣಕ್ಕೆ ಮೋಸವಿಲ್ಲ. ದಾವಣಗೆರೆಯಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಸುಮಾರು 260 ಕಿಲೋಮೀಟರ್, ಐದು ಗಂಟೆಯ ಹಾದಿ. ಅಷ್ಟು ಹೊತ್ತೂ ಎಂಜಿನ್ನನ್ನು ಮೀರಿಸಲು ವಾಲ್ಯೂಮ್ ಏರಿಸಿಕೊಂಡೇ ಹೋಗುವುದು ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿರುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬಲ್. ಸದ್ದಡಗಿಸುವ ಹೆಡ್‌ಫೋನಿನ ನಿಜವಾದ ಉಪಕಾರ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಒಂದು ತೊಡಕೂ ಇದೆ. ಕಿಟಕಿ ತೆರೆದ ಬಸ್ಸಿನಲ್ಲಿ ಗಾಳಿ ನೇರ ಮೈಕಿಗೆ ಬಡಿದರೆ ಹೆಡ್‌ಫೋನೇ ಬುಸುಗುಟ್ಟುತ್ತದೆ. ಕೆಲವು ಮಾದರಿಗಳಲ್ಲಿ ಗಾಳಿಯ ಸದ್ದು ತಗ್ಗಿಸುವ ಆಯ್ಕೆ ಇರುತ್ತದೆ, ಕೇಳಿ ನೋಡಿ. ಇಲ್ಲದಿದ್ದರೆ ಕಿಟಕಿಯ ಸೀಟು ಬೇರೆಯವರಿಗೆ ಬಿಟ್ಟುಕೊಡಿ. ವಂದೇ ಭಾರತ್‌ನಂಥ ಹವಾನಿಯಂತ್ರಿತ ಬೋಗಿಯಲ್ಲಿ ಈ ತಾಪತ್ರಯವಿಲ್ಲ.

ಬರೀ ಮನೆಯಲ್ಲಿ, ಅದೂ ಎಲ್ಲರೂ ಮಲಗಿದ ಮೇಲೆ ಹಾಡು ಕೇಳುವವರಾದರೆ ಎಎನ್‌ಸಿಗೆ ದುಡ್ಡು ಸುರಿಯಬೇಡಿ. ಅದೇ ಬೆಲೆಗೆ ತಂತಿಯಿರುವ, ಬಟ್ಟಲಿನ ಹಿಂಬದಿ ತೆರೆದ ಹೆಡ್‌ಫೋನ್ ಕೊಂಡರೆ ತಂಬೂರಿಯ ಝೇಂಕಾರ ಕೋಣೆಯಲ್ಲೇ ತುಂಬಿಕೊಂಡಂತೆ ಕೇಳಿಸುತ್ತದೆ. ಅದು ಹೊರಗಿನ ಸದ್ದನ್ನು ತಡೆಯುವುದಿಲ್ಲ, ನಿಮ್ಮ ಹಾಡನ್ನೂ ಪಕ್ಕದಲ್ಲಿ ಮಲಗಿದವರಿಂದ ಮುಚ್ಚಿಡುವುದಿಲ್ಲ ಎಂಬುದು ಮಾತ್ರ ಗಮನದಲ್ಲಿರಲಿ.

ಕಿವಿಯ ಮೇಲೋ ಒಳಗೋ?

ಇಡೀ ಕಿವಿಯನ್ನು ಮುಚ್ಚುವ ಹೆಡ್‌ಫೋನ್ ಸುಮಾರು ಕಾಲು ಕಿಲೋ ತೂಗುತ್ತದೆ. ಆಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್ 385 ಗ್ರಾಂನಷ್ಟಿದೆ. ಅಂಗಡಿಯಲ್ಲಿ ಇದು ತಿಳಿಯದು, ಮೂರನೇ ಗಂಟೆಗೆ ನೆತ್ತಿ ಹೇಳುತ್ತದೆ. ಇನ್ನು ನಮ್ಮ ಏಪ್ರಿಲ್ ಬಿಸಿಲು. ಅರ್ಧ ಗಂಟೆಯಲ್ಲಿ ಕಿವಿಯ ಸುತ್ತ ಬೆವರು. ನನ್ನ ಹಳೆಯ ಹೆಡ್‌ಫೋನಿನ ರೆಕ್ಸಿನ್ ಮೆತ್ತೆ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬಿರಿದು, ತೆಗೆದಿಟ್ಟಾಗಲೆಲ್ಲ ಕಿವಿಯ ಹಿಂದೆ, ಅಂಗಿಯ ಕಾಲರಿನ ಮೇಲೆ ಕರಿ ಎಳ್ಳಿನಂಥ ಚೂರುಗಳನ್ನು ಉದುರಿಸುತ್ತಿತ್ತು. ಬದಲಿ ಮೆತ್ತೆ ಬಿಡಿಯಾಗಿ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ.

ಇಯರ್‌ಬಡ್‌ಗೆ ಬಿಸಿಲಿನ ಕಾಟ ಕಡಿಮೆ, ಜೇಬಿನಲ್ಲೇ ಇರುತ್ತದೆ. ರಬ್ಬರ್ ತುದಿ ನಿಮ್ಮ ಕಿವಿಗೆ ಸರಿಹೊಂದದಿದ್ದರೆ ಸದ್ದಡಗಿಸುವುದೂ ಇಲ್ಲ, ಮಂದ್ರ ಸ್ವರವೂ ಇಲ್ಲ. ಪೆಟ್ಟಿಗೆಯಲ್ಲಿ ಬರುವ ಎಲ್ಲ ಅಳತೆಗಳನ್ನೂ ಹಾಕಿ ನೋಡಿ. ಎಡಗಿವಿಗೂ ಬಲಗಿವಿಗೂ ಬೇರೆ ಅಳತೆ ಬೇಕಾದೀತು. ಕಿವಿ ಮುಚ್ಚಿದಾಗ ನಮ್ಮದೇ ದವಡೆಯ ಸದ್ದು ಒಳಗೆ ದೊಡ್ಡದಾಗುತ್ತದೆ: ಇಯರ್‌ಬಡ್ ಹಾಕಿಕೊಂಡು ಮಂಡಕ್ಕಿ ಮಿರ್ಚಿ ತಿಂದರೆ ತಲೆಯೊಳಗೆ ಜಲ್ಲಿ ಅರೆದಂತಿರುತ್ತದೆ.

ಅಂಗಡಿಯಲ್ಲಿ ಪರೀಕ್ಷೆ

ನಿತ್ಯ ಹಾಕುವ ಕನ್ನಡಕ ಹಾಕಿಕೊಂಡೇ ಹೋಗಿ. ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿ ಹಿಡಿದು ಎಳೆಯಷ್ಟು ಸಂದು ಮಾಡುತ್ತದೆ, ಗುಂಯ್ ಸದ್ದು ಅಲ್ಲಿಂದಲೇ ನುಗ್ಗುತ್ತದೆ. ಹೆಣ್ಣುಮಕ್ಕಳು ಜುಮುಕಿ, ತುರುಬು ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಮನೆಯಾಕೆ ಇಷ್ಟಪಟ್ಟ ಮಾದರಿಯೊಂದು ಓಲೆಯ ತಿರುಪನ್ನು ಕತ್ತಿಗೆ ಚುಚ್ಚುವಂತೆ ಒತ್ತಿ, ಐದೇ ನಿಮಿಷದಲ್ಲಿ ವಾಪಸ್ ಮೇಜಿಗೆ ಬಂತು.

ಹಾಡು ಹಾಕಬೇಡಿ. ಅಂಗಡಿಯ ಎಸಿಯ ಕೆಳಗೋ ಫ್ರಿಡ್ಜ್ ಪಕ್ಕವೋ ನಿಂತು ಎಎನ್‌ಸಿಯನ್ನು ಒಮ್ಮೆ ಹಾಕಿ, ಒಮ್ಮೆ ಆರಿಸಿ. ಮೊರೆತ ಹೋದ ಮೇಲೆ ಸಣ್ಣಗೆ ಸುಂಯ್ ಎನ್ನುತ್ತಿದೆಯೇ? ಘಾಟಿ ಹತ್ತುವಾಗಿನಂತೆ ಕಿವಿ ಕಟ್ಟಿದ ಅನುಭವವಾಗುತ್ತಿದೆಯೇ? ಕೆಲವರಿಗೆ ಹಾಗಾಗುತ್ತದೆ, ಅಂಥವರು ಸದ್ದಡಗಿಸುವ ಮಟ್ಟವನ್ನು ಏರಿಸಿ ಇಳಿಸಲು ಬರುವ ಮಾದರಿ ಹುಡುಕಬೇಕು. ಬಳಿಕ ಬಾಗಿಲಿಗೆ ಬಂದು ಹೊರಗಿನ ಸದ್ದನ್ನು ಒಳಬಿಡುವ ಆಯ್ಕೆಯನ್ನು ನೋಡಿ. ನಿಲ್ದಾಣದಲ್ಲಿ ಪ್ರಕಟಣೆ ಕೇಳಲು, ರಸ್ತೆ ದಾಟಲು ಅದು ಬೇಕೇ ಬೇಕು. ಕೈಗವಸು ತೊಟ್ಟವನೂ ಒತ್ತಬಹುದಾದ ಗುಂಡಿ ಇದ್ದರೆ ನನಗೆ ಸಮಾಧಾನ. ತಟ್ಟಿ ಸವರಿ ನಡೆಸುವ ಸ್ಪರ್ಶದ ಕೆಲಸ ಬೆವರು ಬೆರಳಿಗೆ ಒಗ್ಗದು.

ಉಳಿದವು ಚುಟುಕಾಗಿ

ಬ್ಯಾಟರಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡ ಹೆಡ್‌ಫೋನುಗಳು 24ರಿಂದ 30 ಗಂಟೆ, ಅದಕ್ಕಿಂತ ಹೆಚ್ಚೂ ಬರುತ್ತವೆ. ಬ್ಲೂಟೂತ್‌ನಲ್ಲಿ ಹಾಡನ್ನು ಹೆಚ್ಚು ಸ್ಪಷ್ಟವಾಗಿ ಕಳಿಸುವ ಎಲ್‌ಡಿಎಸಿ ಎಂಬ ವಿಧಾನ ಆಂಡ್ರಾಯ್ಡ್ ಫೋನಿನವರಿಗೆ ಮಾತ್ರ, ಐಫೋನ್ ಅದನ್ನು ಬಳಸುವುದಿಲ್ಲ. ಟಿವಿಗೆ ಜೋಡಿಸುವವರು ವಾರ್ತೆ ಓದುವವರ ತುಟಿ ನೋಡಿ. ಬ್ಲೂಟೂತ್‌ನಲ್ಲಿ ಮಾತು ತುಟಿಗಿಂತ ತಡವಾಗಿ ಬರಬಹುದು, ಆಗ ತಂತಿ ಸಿಕ್ಕಿಸುವ ತೂತು ಇದ್ದರೆ ಬಚಾವು. ಬ್ಯಾಗಿನಲ್ಲಿ ಒಯ್ಯುವವರು ಮಡಚಲು ಬರುತ್ತದೆಯೇ ನೋಡಿಕೊಳ್ಳಿ. ಸೋನಿಯ 1000ಎಕ್ಸ್‌ಎಂ4 ಮಡಚಿ ಪುಟ್ಟದಾಗುತ್ತಿತ್ತು, ಎಕ್ಸ್‌ಎಂ5 ಆಗಲಿಲ್ಲ, ಎಕ್ಸ್‌ಎಂ6ರಲ್ಲಿ ಮತ್ತೆ ಮಡಚು ಬಂದಿದೆ. ಹೊಸತೆಲ್ಲ ಮೇಲು ಎಂದುಕೊಳ್ಳಬಾರದು.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ವಾಪಸಾತಿಯ ಷರತ್ತನ್ನು ಮೊದಲು ಓದಿ. ಕಿವಿಯೊಳಗೆ ಇಟ್ಟದ್ದನ್ನು ಹಿಂದಕ್ಕೆ ಪಡೆಯಲು ಹಲವರು ಒಪ್ಪುವುದಿಲ್ಲ. ಒಪ್ಪುವವರಿದ್ದರೆ ಆ ಅವಧಿ ಮುಗಿಯುವುದರೊಳಗೆ ಒಂದು ಬಸ್ ಪ್ರಯಾಣ ಮಾಡಿಬಿಡಿ. ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಚಿತ್ರದುರ್ಗ ಸಾಕು. ಹೋಗುವಾಗ ಕಿಟಕಿ ಪಕ್ಕ ಕುಳಿತುಕೊಳ್ಳಿ, ಬರುವಾಗ ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ.