ಸ್ಪಾರ್ಕ್‌ಸ್ಟೇಷನ್ 5: ಸತ್ತ ಬ್ಯಾಟರಿಯಿಂದ ಬಸ್ ಎರರ್‌ವರೆಗೆ

ಸನ್ ಕಂಪನಿಯ ಸ್ಪಾರ್ಕ್‌ಸ್ಟೇಷನ್ 5 ಬಂದದ್ದು 1994ರಲ್ಲಿ. ನನ್ನ ಹತ್ತಿರ ಇರುವುದು 110 ಮೆಗಾಹರ್ಟ್ಸ್ ಮೈಕ್ರೋಸ್ಪಾರ್ಕ್-2 ಪ್ರೊಸೆಸರಿನ ಮಾದರಿ. ಹಳೆಯ ಯುನಿಕ್ಸ್ ಯಂತ್ರದ ಆಸೆ ಇರುವವರಿಗೆ ನಾನು ಹೇಳುವುದು ಇದನ್ನೇ. ಬಿಚ್ಚಿ ಜೋಡಿಸುವುದು ಸುಲಭ, ನೆಟ್‌ಬಿಎಸ್‌ಡಿ ಎಂಬ ಯುನಿಕ್ಸ್ ಮಾದರಿಯ ಆಪರೇಟಿಂಗ್ ಸಿಸ್ಟಮ್ ಇದರ ಮೇಲೆ ಇಂದಿಗೂ ಓಡುತ್ತದೆ.

ಮನೆಗೆ ತಂದ ಕೂಡಲೇ ಪ್ಲಗ್ ಹಾಕಬೇಡಿ. ಮುಚ್ಚಳ ತೆಗೆದು ಧೂಳು ಹೊಡೆದು, ಕೆಪಾಸಿಟರ್‌ಗಳ ಬುಡದಲ್ಲಿ ಕಂದು ಅಂಟು ಇದೆಯೇ ನೋಡಿ. ಪವರ್ ಸಪ್ಲೈಯನ್ನು ಹೊರತೆಗೆದು ಖಾಲಿಯಾಗಿ ಪರೀಕ್ಷಿಸಿದರೆ ಅಳತೆ ನಂಬುವಂತಿರುವುದಿಲ್ಲ, ಲೋಡ್ ಬೇಕು. ಬೋರ್ಡಿಗೆ ಜೋಡಿಸಿಯೇ ಚಾಲೂ ಮಾಡಿ, ಡ್ರೈವ್‌ಗೆ ಹೋಗುವ ಕನೆಕ್ಟರ್‌ನಲ್ಲಿ ಅಳೆಯಿರಿ. 5 ವೋಲ್ಟ್ ಇರಬೇಕಾದ ಕಡೆ 4.75ಕ್ಕಿಂತ ಕಡಿಮೆ ತೋರಿಸಿದರೆ ಮೊದಲು ಕೆಪಾಸಿಟರ್ ಬದಲಿಸಿ, ಉಳಿದದ್ದು ಆಮೇಲೆ.

ನಿಜವಾದ ಕೆಲಸ ಎನ್‌ವಿರ್ಯಾಮ್, ಅಂದರೆ ಯಂತ್ರ ಆರಿಸಿದಾಗಲೂ ಮಾಹಿತಿ ಉಳಿಸಿಕೊಳ್ಳುವ ಚಿಪ್ಪಿನದು. ಎಂ48ಟಿ08 ಎಂಬ ಈ 28 ಕಾಲಿನ ಚಿಪ್ಪು ಸಾಕೆಟ್‌ನಲ್ಲಿ ಕೂತಿರುತ್ತದೆ. ಗಡಿಯಾರ, ಬೂಟ್ ಸೆಟ್ಟಿಂಗ್, ಈಥರ್ನೆಟ್ ವಿಳಾಸ, ಹೋಸ್ಟ್ ಐಡಿ ಎಲ್ಲವೂ ಅದರೊಳಗೆ. ಬ್ಯಾಟರಿಯೂ ಅದೇ ಪ್ಲಾಸ್ಟಿಕ್ಕಿನೊಳಗೆ ಹುದುಗಿದೆ. ಅದು ಸತ್ತಿರುತ್ತದೆ, ಅನುಮಾನವೇ ಬೇಡ. ಐಡಿಪ್ರಾಮ್ (ಯಂತ್ರದ ಗುರುತಿನ ಮಾಹಿತಿ) ಅಮಾನ್ಯ ಎಂಬ ಎಚ್ಚರಿಕೆ ಬಂದು, ಈಥರ್ನೆಟ್ ವಿಳಾಸ ಉದ್ದಕ್ಕೂ ಎಫ್‌ಎಫ್ ಎಂದು ಕಾಣಿಸಿಕೊಂಡರೆ ಕಾರಣ ಇದೇ.

ಹೊಸ ಚಿಪ್ಪು ಕೊಳ್ಳಬಹುದು. ಆದರೆ ಮಾರುಕಟ್ಟೆಯಲ್ಲಿ ಹಳೆಯ ದಾಸ್ತಾನಿಗೆ ಹೊಸ ಅಚ್ಚು ಹೊಡೆದು ಮಾರುವವರೂ ಇದ್ದಾರೆ. ನಾನು ಇದ್ದ ಚಿಪ್ಪನ್ನೇ ಕೊರೆದೆ. ಮೇಲಿನ ಉಬ್ಬಿನೊಳಗೆ ಒಂದು ತುದಿಯಲ್ಲಿ ಬ್ಯಾಟರಿ, ಇನ್ನೊಂದು ತುದಿಯಲ್ಲಿ ಕ್ರಿಸ್ಟಲ್. ಕ್ರಿಸ್ಟಲ್ ಕಡೆ ಕೈ ಹಾಕಬಾರದು. ಬ್ಯಾಟರಿ ತುದಿಯ ಪಕ್ಕವನ್ನು ಸಣ್ಣ ಅರದಿಂದ ಮೆಲ್ಲಗೆ ಉಜ್ಜುತ್ತಾ ಹೋದರೆ ಎರಡು ಲೋಹದ ಕಾಲುಗಳು ಹೊಳೆಯುತ್ತವೆ. ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಒಳ್ಳೆಯದಲ್ಲ. ಕತ್ತರಿಸುವ ಮೊದಲೇ ಮಲ್ಟಿಮೀಟರ್ ಇಡಿ. ಸೆಲ್‌ನಲ್ಲಿ ಉಳಿದಿರುವ ಅಲ್ಪಸ್ವಲ್ಪ ವೋಲ್ಟೇಜೇ ಪ್ಲಸ್ ಯಾವುದು, ಮೈನಸ್ ಯಾವುದು ಎಂದು ಹೇಳುತ್ತದೆ. ನಂತರ ಹಳೆಯ ಸೆಲ್ಲಿನ ಸಂಪರ್ಕ ಪೂರ್ತಿ ಕತ್ತರಿಸಿ, ಚಿಪ್ಪಿನ ಕಡೆ ಉಳಿದ ತುಂಡುಗಳಿಗೆ ತಂತಿ ಬೆಸೆದು ಸಿಆರ್2032 ಹೋಲ್ಡರ್ ಹಾಕಿ. ಕತ್ತರಿಸದೆ ಬಿಟ್ಟರೆ ಸತ್ತ ಸೆಲ್ ಹೊಸದನ್ನೂ ಹೀರಿಬಿಡುತ್ತದೆ.

ಈಗ ಚಿಪ್ಪಿಗೆ ಗುರುತು ತುಂಬಬೇಕು. ಯಂತ್ರದ ಬೂಟ್ ಪ್ರೋಗ್ರಾಂ ಓಪನ್‌ಬೂಟ್ ತೋರಿಸುವ ಓಕೆ ಪ್ರಾಂಪ್ಟ್‌ನಲ್ಲಿ ಮೊದಲು ‘ಸೆಟ್-ಡಿಫಾಲ್ಟ್ಸ್’. ಆಮೇಲೆ ‘1 0 ಎಂಕೆಪಿ’, ಅದಾದ ಮೇಲೆ ‘ರಿಯಲ್-ಮೆಷೀನ್-ಟೈಪ್ 1 ಎಂಕೆಪಿ’. ಕೊನೆಗೆ ಒಂದೇ ಸಾಲಿನಲ್ಲಿ 8, 0, 20, ನಂತರ ನಿಮ್ಮ ವಿಳಾಸದ ಮೂರು ಬೈಟ್, ಅದೇ ಮೂರನ್ನು ಅಂತರವಿಲ್ಲದೆ ಒಂದರ ಪಕ್ಕ ಒಂದು ಬರೆದ ಸಂಖ್ಯೆ, ಕಡೆಯಲ್ಲಿ ‘ಎಂಕೆಪಿಎಲ್’. ಉದಾಹರಣೆಗೆ: 8 0 20 12 34 56 123456 ಎಂಕೆಪಿಎಲ್. ಓಪನ್‌ಬೂಟ್ ಅಂಕಿಗಳನ್ನು ಹೆಕ್ಸ್ (16ರ ಆಧಾರದ ಸಂಖ್ಯೆ) ಎಂದೇ ಓದುತ್ತದೆ. ಎಂಟರ್ ಒತ್ತಿದ ಮೇಲೆ ಪ್ರಾಂಪ್ಟ್ ಮರಳುವುದಿಲ್ಲ. ಯಂತ್ರ ನಿಂತುಹೋಯಿತೆಂದು ಹಲವರು ಇಲ್ಲೇ ಸ್ವಿಚ್ ಆರಿಸುತ್ತಾರೆ. ಕಂಟ್ರೋಲ್-ಡಿ, ಕಂಟ್ರೋಲ್-ಆರ್ ಒತ್ತಿದರೆ ಕಾಪಿರೈಟ್ ಸಾಲು ಮೂಡಿ ಪ್ರಾಂಪ್ಟ್ ಬರುತ್ತದೆ. ಒಂದೇ ಜಾಲದಲ್ಲಿ ಎರಡು ಸನ್ ಯಂತ್ರಗಳಿದ್ದರೆ ಈ ಮೂರು ಬೈಟ್ ಬೇರೆ ಬೇರೆ ಇರಲಿ.

ಮಾನಿಟರ್, ಕೀಬೋರ್ಡ್ ಹುಡುಕುತ್ತಾ ಕೂರಬೇಕಿಲ್ಲ. ಕೀಬೋರ್ಡ್ ಇಲ್ಲದಿದ್ದರೆ ಕನ್ಸೋಲ್ ತಾನಾಗಿಯೇ ಸೀರಿಯಲ್ ಪೋರ್ಟ್ ಎ ಕಡೆ ಹೋಗುತ್ತದೆ: 9600, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಕೇಬಲ್ಲಿಗೆ ಮೂರೇ ತಂತಿ. 25 ಪಿನ್ನಿನ ಕಡೆಯ 2, 3, 7ನ್ನು ಪಿಸಿಯ 9 ಪಿನ್ನಿನ 2, 3, 5ಕ್ಕೆ ಜೋಡಿಸಿ. ಅಡ್ಡ ದಾಟಿಸಬೇಕಲ್ಲವೇ ಎಂದರೆ, 9 ಪಿನ್ನಿನಲ್ಲಿ 2 ಮತ್ತು 3ರ ಅರ್ಥವೇ ಅದಲುಬದಲು, ಹಾಗಾಗಿ ನೇರವಾಗಿ ಎಳೆದರೇ ದಾಟಿದಂತೆ. ಪರದೆ ಬೇಕೇ ಬೇಕೆಂದರೆ 13ಡಬ್ಲ್ಯು3 (ಮಾನಿಟರ್ ಕನೆಕ್ಟರ್) ಅಡಾಪ್ಟರ್ ಸನ್‌ಗಾಗಿ ಮಾಡಿದ್ದೇ ಆಗಿರಲಿ. ಎಸ್‌ಜಿಐ ಯಂತ್ರಗಳದ್ದು ಹಾಗೇ ಕಂಡರೂ ಪಿನ್ ಬೇರೆ.

ಹಳೆಯ ಸ್ಕಸಿ (ಆ ಕಾಲದ ಡಿಸ್ಕ್ ಸಂಪರ್ಕ) ಡಿಸ್ಕ್ ಬದಲು, ಎಸ್‌ಡಿ ಕಾರ್ಡನ್ನೇ ಡಿಸ್ಕ್‌ನಂತೆ ತೋರಿಸುವ ಎಮ್ಯುಲೇಟರ್ ಹಾಕಿ. ಒಳಗಿನ ಜಾಗ 80 ಪಿನ್ನಿನದು, ಎಮ್ಯುಲೇಟರ್ ಹೆಚ್ಚಾಗಿ 50 ಪಿನ್ನಿನದು, ನಡುವೆ ಅಡಾಪ್ಟರ್ ಬೇಕಾಗುತ್ತದೆ. ಬೂಟ್ ಡಿಸ್ಕ್‌ಗೆ ಸ್ಕಸಿ ಐಡಿ 3 ಕೊಡಿ, ಸನ್ ಅದನ್ನೇ ಹುಡುಕುವುದು. ರ್ಯಾಮ್ 8 ಸ್ಲಾಟಿನಲ್ಲಿ 256 ಎಂಬಿವರೆಗೆ ಹಿಡಿಸುತ್ತದೆ. 168 ಪಿನ್ ಎಂದು ಪಿಸಿಯ ಎಸ್‌ಡಿರ್ಯಾಮ್ ತುರುಕಬೇಡಿ.

ಅನುಸ್ಥಾಪನೆಗೆ ಸಿಡಿಗಿಂತ ನೆಟ್‌ವರ್ಕ್ ಬೂಟ್ ಹಗುರ. ಇನ್ನೊಂದು ಯಂತ್ರದಲ್ಲಿ ಆರ್‌ಎಆರ್‌ಪಿ (ಐಪಿ ವಿಳಾಸ ಕೊಡಲು), ಟಿಎಫ್‌ಟಿಪಿ (ಬೂಟ್ ಫೈಲ್ ಕಳಿಸಲು), ಬೂಟ್‌ಪ್ಯಾರಾಮ್ (ಉಳಿದ ಫೈಲುಗಳು ಎಲ್ಲಿವೆ ಎಂದು ಹೇಳಲು), ಎನ್‌ಎಫ್‌ಎಸ್ (ಫೈಲ್ ಹಂಚಲು) ನಾಲ್ಕೂ ಓಡುತ್ತಿರಬೇಕು. ಕೈಕೊಡುವುದು ಬೂಟ್ ಫೈಲಿನ ಹೆಸರು. ಐಪಿ ವಿಳಾಸದ ನಾಲ್ಕೂ ಸಂಖ್ಯೆಗಳನ್ನು ಹೆಕ್ಸ್‌ನಲ್ಲಿ, ದೊಡ್ಡಕ್ಷರದಲ್ಲಿ ಬರೆದು ಕೊನೆಗೆ ಚುಕ್ಕಿ ಮತ್ತು ಈ ಯಂತ್ರದ ವರ್ಗದ ಹೆಸರಾದ ಸನ್4ಎಂ ಸೇರಿಸಬೇಕು. 192.168.1.5 ಆದರೆ ‘ಸಿ0ಎ80105.ಸನ್4ಎಂ’. ಪೋರ್ಟ್ 10 ಮೆಗಾಬಿಟ್‌ನದು; ಕೆಲವು ಹೊಸ ಸ್ವಿಚ್‌ಗಳು ಆ ವೇಗಕ್ಕೆ ಇಳಿಯುವುದೇ ಇಲ್ಲ, ಹಳೆಯ 10/100 ಸ್ವಿಚ್ ಒಂದನ್ನು ನಡುವೆ ಇಡಿ. ಸನ್‌ನದೇ ಆಪರೇಟಿಂಗ್ ಸಿಸ್ಟಮ್ ಸೊಲಾರಿಸ್ಸೇ ಬೇಕೆಂದರೆ 9ನೇ ಆವೃತ್ತಿಯೇ ಕೊನೆ.

ಇಷ್ಟಾದ ಮೇಲೆ ಉಪಯೋಗ? ಬ್ರೌಸರ್ ಮರೆತುಬಿಡಿ, ಎಸ್‌ಎಸ್‌ಎಚ್ ಲಾಗಿನ್ನೇ ತೆವಳುತ್ತದೆ. ನನಗೆ ಇದು ಸಿ ಕೋಡ್ ಪರೀಕ್ಷಿಸುವ ಯಂತ್ರ. ಪಿಸಿಯ ಎಕ್ಸ್86 ಪ್ರೊಸೆಸರ್ ಸಹಿಸಿಕೊಳ್ಳುವ ತಪ್ಪನ್ನು ಸ್ಪಾರ್ಕ್ ಸಹಿಸುವುದಿಲ್ಲ. ಬಫರಿನ ಆರಂಭದಿಂದ ಒಂದು ಬೈಟ್ ಮುಂದೆ, ಅಂದರೆ 4ರಿಂದ ಭಾಗವಾಗದ ವಿಳಾಸದಿಂದ, 32 ಬಿಟ್ ಪೂರ್ಣಾಂಕವನ್ನು ಪಾಯಿಂಟರ್ ಕಾಸ್ಟ್ ಮಾಡಿ ಓದಿದರೆ ಪಿಸಿಯಲ್ಲಿ ಸುಮ್ಮನೆ ನಡೆಯುತ್ತದೆ, ಇಲ್ಲಿ ಬಸ್ ಎರರ್ ಬಂದು ಸಾಯುತ್ತದೆ. ಮೆಮ್‌ಕಾಪಿ ಬಳಸಿದರೆ ಎರಡೂ ಕಡೆ ಸರಿ.

ಇನ್ನೂ ಚೆನ್ನಾದದ್ದು ಸಮಯದ ತಪ್ಪು. ನೆಟ್‌ಬಿಎಸ್‌ಡಿಯಲ್ಲಿ ಸಮಯ ಇಡುವ ಟೈಮ್_ಟಿ 64 ಬಿಟ್, ಆದರೆ ಈ ಯಂತ್ರದಲ್ಲಿ ಲಾಂಗ್ 32 ಬಿಟ್. ಪ್ರಿಂಟ್‌ಎಫ್‌ಗೆ %ಎಲ್‌ಡಿ ಕೊಟ್ಟರೆ ಸ್ಪಾರ್ಕ್ ಬಿಗ್ ಎಂಡಿಯನ್ (ಸಂಖ್ಯೆಯ ದೊಡ್ಡ ಭಾಗವನ್ನು ಮೊದಲು ಇಡುವುದು) ಆದ್ದರಿಂದ ಮೇಲಿನ ಅರ್ಧ ಮೊದಲು ಸಿಗುತ್ತದೆ, ಅಂದರೆ ಸಮಯ ಸೊನ್ನೆ. ಲಿಟ್ಲ್ ಎಂಡಿಯನ್ (ಚಿಕ್ಕ ಭಾಗ ಮೊದಲು) 32 ಬಿಟ್ ಯಂತ್ರದಲ್ಲಿ ಕೆಳಗಿನ ಅರ್ಧ ಸಿಕ್ಕಿ, ಸರಿಯಾದ ಸಂಖ್ಯೆಯೇ ಅಚ್ಚಾಗಿ ತಪ್ಪು ಅಡಗಿಬಿಡುತ್ತದೆ. ಇಂಟ್‌ಮ್ಯಾಕ್ಸ್_ಟಿಗೆ ಕಾಸ್ಟ್ ಮಾಡಿ %ಜೆಡಿ ಬಳಸುವುದೇ ಪರಿಹಾರ.

ಇದನ್ನೆಲ್ಲ ಕ್ಯೂಎಮು ಎಮ್ಯುಲೇಟರ್ ಕೂಡ ತೋರಿಸುತ್ತದೆ, ನಿಜ. ಅದರ 32 ಬಿಟ್ ಸ್ಪಾರ್ಕ್ ಆವೃತ್ತಿಗೆ ಏನನ್ನೂ ಹೇಳದಿದ್ದರೆ ಎದ್ದು ಬರುವುದು ಸ್ಪಾರ್ಕ್‌ಸ್ಟೇಷನ್ 5ನೇ. ಆದರೆ ಅನಗತ್ಯ ಲೂಪ್ ಒಂದು ಎಷ್ಟು ದುಬಾರಿ ಎಂಬುದು 110 ಮೆಗಾಹರ್ಟ್ಸ್‌ನಲ್ಲಿ ಕಣ್ಣಿಗೇ ಕಾಣುತ್ತದೆ. ಕಂಪೈಲ್ ಮಾತ್ರ ಪಿಸಿಯಲ್ಲೇ ಮಾಡಿ, ನೆಟ್‌ಬಿಎಸ್‌ಡಿಯ ಬಿಲ್ಡ್.ಎಸ್‌ಎಚ್ ಸ್ಕ್ರಿಪ್ಟ್ ಲಿನಕ್ಸ್‌ನಿಂದಲೇ ಸ್ಪಾರ್ಕ್‌ಗೆ ಬೇಕಾದ ಟೂಲ್‌ಚೈನ್ ಕಟ್ಟಿಕೊಡುತ್ತದೆ, ತಯಾರಾದ ಫೈಲನ್ನು ಎನ್‌ಎಫ್‌ಎಸ್ ಮೂಲಕ ಇಲ್ಲಿ ಓಡಿಸಿದರಾಯಿತು.